ಡೈರಿ ಮಲ್ಲೇಶನ ಬಕೆಟ್ಟು ನೀರು

ಹಾಲಿನ ಕ್ಯಾನಿನ ಪಕ್ಕ ನೀರಿನ ಬಕೆಟ್ಟು ಕಂಡರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ ಹೇಳಿ? ಮಿರ್ಲೆ ಕಡೆಯ ಒಂದು ಊರಿನ ಡೈರಿ ಸೆಕ್ರೆಟ್ರಿ ಚಿಕ್ಕಬಸಪ್ಪನವರಿಗಂತೂ ಬಂದೇ ಬರುತ್ತದೆ. ಹೆಂಡತಿ ಕೊಟ್ಟ ಕಾಫಿಗೂ ನೀರು ಜಾಸ್ತಿ ಬಿದ್ದಿದೆಯೇ ಎಂದು ಲೋಟ ಎತ್ತಿ ನೋಡುವ ಆಸಾಮಿ ಅವರು.

ಕೊರೊನಾ ಎರಡನೇ ಅಲೆಯ ದಿನಗಳು. ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ಆದರೆ ಹಸುವಿಗೆ ಲಾಕ್‌ಡೌನ್ ಗೊತ್ತೇ? ಎರಡು ಹೊತ್ತೂ ಹಾಲು ಕರೆಯಬೇಕು, ಎರಡು ಹೊತ್ತೂ ಡೈರಿ ತೆರೆಯಬೇಕು. ಅಲ್ಲಿ ಹಾಲು ಪರೀಕ್ಷೆ ಮಾಡಿ ಅಳೆದುಕೊಳ್ಳುವವನು ಮಲ್ಲೇಶ್. ಎಂಟು ವರ್ಷದಲ್ಲಿ ಒಬ್ಬರ ಕೈಲೂ ಮಾತು ಕೇಳಿದವನಲ್ಲ. ಈಗ ಹದಿನೈದು ದಿನದಿಂದ ಅವನ ವರಸೆಯೇ ಬೇರೆ. ಯಾರ ಮುಖವನ್ನೂ ನೋಡುವುದಿಲ್ಲ, ಒಂದೇ ಹಾಲನ್ನು ಮೂರು ಮೂರು ಸಲ ಪರೀಕ್ಷೆ ಮಾಡುತ್ತಾನೆ. ಸಾಲಿನಲ್ಲಿ ನಿಂತಿದ್ದ ಜಯಲಕ್ಷ್ಮಮ್ಮ ರೇಗಿಯೇ ಬಿಟ್ಟರು.

"ಏನ್ ಮಲ್ಲೇಶಾ, ನಮ್ಮ ಹಸ ಕೊಟ್ಟಿರಾದು ಹಾಲು ಕಣಪ್ಪ, ಇಸ ಅಲ್ಲ!"

ಹಾಲಿಗೆ ನೀರು ಬಿದ್ದಿದೆಯೇ ಎಂದು ತೋರಿಸುವ ಗಾಜಿನ ಲ್ಯಾಕ್ಟೋಮೀಟರು ಮಲ್ಲೇಶನ ಕೈಯಿಂದ ಜಾರಿ ಬಿದ್ದು ಚೂರಾಯಿತು. 'ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎಂದುಕೊಂಡರು ಚಿಕ್ಕಬಸಪ್ಪ. ಜನ ಹೋದ ಮೇಲೆ ಕ್ಯಾನಿನ ಪಕ್ಕ ಬಕೆಟ್ಟು ಕಾಣುವುದು ಸುಮ್ಮನೆಯೇ? ಇವನು ನೀರು ಬೆರೆಸುತ್ತಿದ್ದಾನೆ. ಹಿಡಿದು ಕೆಲಸದಿಂದ ತೆಗೆಯಲೇಬೇಕು.

ಮರುದಿನ ಬೆಳಿಗ್ಗೆ ಮನೆಗೆ ಹೊರಟವರಂತೆ ನಟಿಸಿ, ಹಿಂಡಿ ಮೂಟೆಗಳ ಹಿಂದೆ ಅಡಗಿ ಕುಳಿತರು. ಮೊಣಕಾಲು ನೋವು ಬೇರೆ, ಪಾಪ! ಮಲ್ಲೇಶ್ ಬಕೆಟ್ಟು ತಂದು ಕ್ಯಾನಿನ ಪಕ್ಕ ಕುಕ್ಕರಿಸಿದ.

"ಸಿಕ್ಕಾಕೊಂಡ್ಯಲ್ಲಾ! ತೆಗೀಲಾ ಮುಚ್ಚಳವ!" ಎನ್ನುತ್ತಾ ಚಿಕ್ಕಬಸಪ್ಪ ಮೂಟೆಗಳ ಹಿಂದಿನಿಂದ ಎದ್ದು ಬಂದರು.

ಅಷ್ಟರಲ್ಲಿ ಮನೆಮನೆಯ ಜ್ವರ ನೋಡುತ್ತಾ ಬಂದ ಆಶಾ ಕಾರ್ಯಕರ್ತೆ ಬೃಂದಾ ಬಾಗಿಲಲ್ಲಿ ನಿಂತಳು.

"ಒಳ್ಳೆ ಟೈಮ್‌ಗೆ ಬಂದೆ ಕಣಮ್ಮ, ನೀನೇ ಸಾಕ್ಷಿ" ಎನ್ನುತ್ತಾ ಸೆಕ್ರೆಟ್ರಿ ಬೇರೊಂದು ಲ್ಯಾಕ್ಟೋಮೀಟರು ತಂದು ಹಾಲಿಗೆ ಬಿಟ್ಟರು. ಡಿಗ್ರಿ ಸರಿಯಾಗಿತ್ತು. ಇನ್ನೊಂದು ಕ್ಯಾನು ನೋಡಿದರು. ಅದೂ ಸರಿ. ಒಂದು ತೊಟ್ಟು ನೀರೂ ಬಿದ್ದಿರಲಿಲ್ಲ.

ಬೃಂದಾ ನೋಡುತ್ತಿದ್ದದ್ದು ಕ್ಯಾನನ್ನಲ್ಲ, ಮಲ್ಲೇಶನ ಕೈಗಳನ್ನು. ಚರ್ಮ ಬಿರಿದು ರಕ್ತ ಜಿನುಗುತ್ತಿತ್ತು.

"ಏನ್ ಮಲ್ಲೇಶ, ದಿನಕ್ಕೆ ಎಷ್ಟು ಸಲ ತೊಳೀತೀಯ ಕೈಯ? ರಾತ್ರಿ ನಿದ್ದೆ ಬತ್ತದಾ?"

"ನಿದ್ದೆ ವಿಚಾರ ನಿಂಗ್ಯಾಕಮ್ಮ?" ಚಿಕ್ಕಬಸಪ್ಪನವರ ಅನುಮಾನ ಈಗ ಅವಳ ಕಡೆ ತಿರುಗಿತು. "ಹುಚ್ಚ ಅಂತ ಬರ್ಕೊಂಡು ಹೋಗಾಕೆ ಬಂದಿದ್ದೀಯಾ?"

"ಬುಕ್ಕು ಚೀಲದಲ್ಲೇ ಅದೆ ಬಸಪ್ಪಣ್ಣ. ನಾನು ಕೇಳ್ತಾ ಇವ್ನಿ, ಬರೀತಾ ಇಲ್ಲ."

ಮಲ್ಲೇಶ್ ನೆಲ ನೋಡುತ್ತಲೇ ಅತ್ತುಬಿಟ್ಟ.

"ಕೆಂಪಾಜಮ್ಮನ್ನ ಸಾಯ್ಸಿದ್ದು ನಾನೇ ಕಣಕ್ಕ. ನಂಗೆ ಜ್ವರ ಇತ್ತು. ಆವತ್ತು ಅವ್ರ ಹಾಲನ್ನ ಈ ಕೈಲೇ ಹಿಡ್ದೆ. ಬಕೆಟ್ಟುಗಟ್ಟಲೆ ನೀರಲ್ಲಿ ಎಷ್ಟು ತೊಳುದ್ರೂ ಹೋಗಾಕಿಲ್ಲ. ನೆನ್ನೆ ನಾಲೆ ತಾವ ಹೋಗಿ ನಿಂತಿದ್ದೆ... ಮಗಳ ನೆನಪಾಗಿ ವಾಪಸ್ ಬಂದೆ."

ದಿನವೂ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದ ಅಜ್ಜಿ ಕೆಂಪಾಜಮ್ಮ ಕೊರೊನಾದಿಂದ ತೀರಿಕೊಂಡು ಹದಿನೈದು ದಿನವಾಗಿತ್ತು.

"ಜ್ವರ ಇಟ್ಕೊಂಡು ಯಾಕಪ್ಪ ಕೆಲ್ಸಕ್ಕೆ ಬಂದೆ?" ಎಂದಳು ಬೃಂದಾ.

ಚಿಕ್ಕಬಸಪ್ಪನವರಿಗೆ ನೆನಪಾಯಿತು. ಅಂದು ಇವನು ರಜ ಕೇಳಿ ಫೋನ್ ಮಾಡಿದ್ದ. 'ಜ್ವರನೂ ಇಲ್ಲ ಗಿರನೂ ಇಲ್ಲ, ನೆಪ ಹೇಳ್ಬ್ಯಾಡ' ಎಂದು ಗದರಿಸಿ ಕರೆಸಿದ್ದವರು ಅವರೇ.

"ನಾನೇ ಕಣಮ್ಮ ಬರಂಗೆ ಮಾಡಿದ್ದು" ಎಂದು ಮೂಟೆಯ ಮೇಲೆ ಕುಸಿದರು. "ಅವತ್ತೂ ಅನುಮಾನ ಪಟ್ಟೆ, ಇವತ್ತೂ ಪಟ್ಟೆ."

"ಆಗ ಊರಲ್ಲಿ ಹದಿನಾರು ಮನೇಲಿ ಕಾಯಿಲೆ ಇತ್ತು. ಯಾರಿಂದ ಯಾರಿಗೆ ಬಂತು ಅಂತ ದೇವ್ರೂ ಹೇಳಕ್ಕಾಗಲ್ಲ" ಎಂದಳು ಬೃಂದಾ. "ಇದ್ನೆಲ್ಲ ಒಬ್ಬನೇ ಹೊತ್ಕೊಂಡು ಮನ್ಸು ಬಳಲಿ ಹೋಗ್ಯದೆ. ಇದು ಹುಚ್ಚಲ್ಲ. ಮೈಗೆ ಬಂದಂಗೆ ಮನಸ್ಸಿಗೂ ಕಾಯಿಲೆ ಬತ್ತದೆ, ಔಷಧಿನೂ ಅದೆ."

"ಔಷಧಿಲಿ ಮನ್ಸು ವಾಸಿ ಆಯ್ತದಾ?" ಸೆಕ್ರೆಟ್ರಿಯವರನ್ನು ಅನುಮಾನ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

"ಆಯ್ತದೆ. ಮೊದ್ಲು ಬೈದೆ ಇವನ ಮಾತು ಕೇಳಿ. ಇವನ್ನ ಒಬ್ಬನೇ ಬುಡಬ್ಯಾಡಿ. ಇನ್ನುಳಿದದ್ದು ಡಾಕ್ಟ್ರು ನೋಡ್ತಾರೆ."

ಆ ದಿನವೇ ಚಿಕ್ಕಬಸಪ್ಪನವರು ಮಲ್ಲೇಶನನ್ನು ತಮ್ಮ ಸ್ಕೂಟರಿನಲ್ಲಿ ಕೆ.ಆರ್. ನಗರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಮಾತಾಡಿಸಿದರು, ಮಾತ್ರೆ ಕೊಟ್ಟರು, ರಜೆಯನ್ನೂ ಬರೆದರು. ರಜೆ ಮುಗಿಯುವ ತನಕ ಹಾಲು ಅಳೆದವರು ಸ್ವತಃ ಸೆಕ್ರೆಟ್ರಿ. ಜ್ವರ ಎಂದವರಿಗೆ ಎರಡನೇ ಮಾತಿಲ್ಲದೆ ರಜ ಎಂಬ ನಿಯಮವೂ ಡೈರಿಗೆ ಬಂತು.

ಎರಡು ತಿಂಗಳಿಗೆ ಮಲ್ಲೇಶ್ ಪೂರ್ತಿ ಕೆಲಸಕ್ಕೆ ಮರಳಿದ. ಕೆಲವು ದಿನ ಇನ್ನೂ ಒಂದೇ ಹಾಲನ್ನು ಎರಡು ಸಲ ಪರೀಕ್ಷೆ ಮಾಡುತ್ತಾನೆ. ಆಗ ಸೆಕ್ರೆಟ್ರಿ ಅವನ ಪಕ್ಕ ಬಂದು ಕೂರುತ್ತಾರೆ. ಡೈರಿ ತೆರೆಯುವ ಮೊದಲು ದಿನವೂ ಒಂದೇ ಪ್ರಶ್ನೆ: "ನಿದ್ದೆ ಬಂತೇನ್ಲಾ?"

"ನಮ್ಮನ್ನೂ ಒಸಿ ಕೇಳಪ್ಪ ಸೆಕ್ರೆಟ್ರಿ" ಎಂದು ನಗುತ್ತಾರೆ ಜಯಲಕ್ಷ್ಮಮ್ಮ. ಅವರನ್ನೂ ಕೇಳುತ್ತಾರೆ.

ಅಣ್ಣಂದಿರೇ, ಅಕ್ಕಂದಿರೇ, ಡೈರಿಯೋ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನೋ, ಆಸ್ಪತ್ರೆಯೋ, ನಿಮ್ಮ ಜೊತೆ ದುಡಿಯುವವರು ಇದ್ದಕ್ಕಿದ್ದಂತೆ ಬದಲಾದರೆ ಅಡಗಿ ನೋಡಬೇಡಿ, ಎದುರು ಕೂತು ಕೇಳಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯೂ ದಾರಿ ತೋರಿಸುತ್ತಾರೆ. ಮಲ್ಲೇಶ್ ಅಂದು ನಾಲೆಯಿಂದ ತಾನಾಗಿ ವಾಪಸ್ ಬಂದ. ಎಲ್ಲರೂ ಬರುವುದಿಲ್ಲ. ಇವತ್ತೇ ಕೇಳಿ.