ಕೈ ಎತ್ತಿದರೆ ಸಾಕು

ಫ್ಯಾನು ನಿಂತಿತು, ಮೊದಲು ಅದರ ಕಿರಕಿರ ಸಣ್ಣದಾಯಿತು, ಆಮೇಲೆ ಕುತ್ತಿಗೆಯ ಮೇಲಿನ ಗಾಳಿ ಹೋಯಿತು, ಒಳಗೆ ಮೈಕು ಯಾರದೋ ಅರ್ಧ ಮಾತಿನಲ್ಲೇ ಸತ್ತಿತು — ಕರೆಂಟು ಹೋಗಿದೆ, ಮಾರ್ಚ್ ತಿಂಗಳ ಮಧ್ಯಾಹ್ನ, ಇನ್ನೆರಡು ತಾಸು ಬರುವುದಿಲ್ಲ, ಈಗ ಯಾರೋ ಸೆಕೆ ತಾಳಲಾರದೆ ಬಾಗಿಲು ತೆಗೆಯುತ್ತಾರೆ ಎಂದು ಭರಮು ಅಂದುಕೊಳ್ಳುವಷ್ಟರಲ್ಲಿ ಸಭಾಗೃಹದ ಬಾಗಿಲು ತೆರೆದೇಬಿಟ್ಟಿತು, ಅತ್ತರು, ಗುಟಕಾ, ಇಸ್ತ್ರಿ ಬಟ್ಟೆ, ಎಲ್ಲ ವಾಸನೆ ಒಟ್ಟಾಗಿ ವರಾಂಡಕ್ಕೆ ಬಂದು ಅವನ ಟೇಬಲ್ಲಿನ ಮುಂದೆ ನಿಂತಿತು, ಪುರಸಭೆಯ ಇಪ್ಪತ್ಮೂರು ಮೆಂಬರುಗಳು ಒಟ್ಟಿಗೆ ತಕರಾರು ಬರೆಸಲು ಬಂದ ಹಾಗೆ. ಟೇಬಲ್ಲಿನ ಮೇಲೆ ತಕರಾರಿನ ಫೋನು, ಫೋನಿನ ಬಲಕ್ಕೆ ಬ್ರೈಲ್ ಪಟ್ಟಿ, ಪಟ್ಟಿಯ ಮೇಲೆ ಚುಚ್ಚುವ ಮೊಳೆ, ಎಡಕ್ಕೆ ನೀರಿನ ಬಾಟಲಿ, ಇವುಗಳ ಜಾಗ ಯಾರಾದರೂ ಬದಲಿಸಿದರೆ ಅವನ ಸಿಟ್ಟು ನೆತ್ತಿಗೇರುತ್ತದೆ, ಜವಾನರಿಗೆ ಗೊತ್ತು. ಹುಟ್ಟಿನಿಂದ ಕಣ್ಣಿಲ್ಲ, ಅದಕ್ಕೆ ದೇವರು ಕಿವಿ ಚುರುಕು ಕೊಟ್ಟಿದ್ದಾನೆ ಎನ್ನುತ್ತಾರೆ ಜನ, ಸುಳ್ಳು, ಕಿವಿ ಎಲ್ಲರಿಗೂ ಇರುವಷ್ಟೇ, ಅವರು ಬಳಸುವುದಿಲ್ಲ ಅಷ್ಟೆ. ನಿನ್ನೆ ಗುಮಾಸ್ತ ನಿತಿನ ಅವನಿಗೆ ಸಭೆಯ ವಿಷಯಗಳನ್ನು ಓದಿ ಹೇಳುವಾಗ ಆರರ ತನಕ ಸರಸರ ಬಂದ, ಕೆಮ್ಮಿದ, ಎಂಟಕ್ಕೆ ಹಾರಿದ. ಏಳು ಎಲ್ಲಿ ಹೋತೋ ನಿತಿನ? ಅದು, ಭರಮಣ್ಣಾ, ಅದು ನಿಮ್ದರೀ. ಎರಡು ವರ್ಷದ ಹಿಂದೆ ‘ಎಲ್ಲರೂ ನಮ್ಮವರು’ ಎಂಬ ಹೆಸರಿನಲ್ಲಿ ಪುರಸಭೆ ಯಾರೂ ಕೆಲಸ ಕೊಡದ ಮೂವರನ್ನು ತೆಗೆದುಕೊಂಡಿತ್ತು — ಫೋನಿಗೆ ಭರಮು, ಕಸದ ಗಾಡಿ ನಡೆಸಲು ಸಪನಾ, ಸಂತೆಯ ಸುಂಕದ ಪಟ್ಟಿ ಎತ್ತಲು ಗಂಡಾಗಿ ಹುಟ್ಟಿ ಸೀರೆ ಉಡುವ ಮಾಳು. ಆ ಯೋಜನೆಯನ್ನು ಏಪ್ರಿಲ್ ಒಂದರಿಂದ ನಿಲ್ಲಿಸುವುದು, ವಿಷಯ ನಂಬರ್ ಏಳು.

ಈಗ ಆರು ಮುಗಿದು ಏಳು ನಡೆದಿದೆ, ಮೈಕಿಲ್ಲದ ಬರಿಗಂಟಲುಗಳು, ರಾವಸಾಹೇಬರದು ಮೊದಲು, ಕಬ್ಬಿನ ಟ್ರ್ಯಾಕ್ಟರಿನ ಸದ್ದಿನ ಮೇಲೆ ಕೂಗಿ ರೂಢಿಯಾದ ಗಂಟಲು, ನೋಡ್ರಿ ಅಧ್ಯಕ್ಷರ, ಅವರ ಮ್ಯಾಲ ನಮಗೂ ಕನಿಕರ ಐತಿ — ಕನಿಕರ ಎಂದು ಶುರುವಾದ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಭರಮುವಿಗೆ ಬೇರೆ ಹೇಳಬೇಕಿಲ್ಲ — ಆದರ ಸರಕಾರದವರು ಎರಡು ವರ್ಷ ರೊಕ್ಕಾ ಕೊಟ್ಟ ಕೈ ತೊಳಕೊಂಡಾರ, ಡಿಗ್ರಿ ಮಾಡಿದ ಗಟ್ಟಿಮುಟ್ಟ ಹುಡುಗರು ಕಟ್ಟಿ ಮ್ಯಾಲ ಕುಂತಾರ, ಅವರ ಅವ್ವ ಅಪ್ಪಗ ನಾ ಏನ್ ಹೇಳ್ಲಿ, ಎಲ್ಲಾರನ್ನೂ ಒಳಗ ತಗೊಳ್ಳೂದಂದ್ರ ಯಾರು ಹೊರಗ ಉಳದ್ರು ಅಂತ ಕೇಳಬ್ಯಾಡೇನು? ಅದೂ ಪೂರ್ತಿ ಸುಳ್ಳಲ್ಲ, ರಾವಸಾಹೇಬರ ತಮ್ಮನ ಮಗ ವಿಕ್ರಾಂತನೇ ಮೂರು ವರ್ಷದಿಂದ ಅರ್ಜಿ ಹಾಕುತ್ತಿದ್ದಾನೆ, ಪಾಪ ಒಳ್ಳೆಯ ಹುಡುಗ, ವರಾಂಡದಲ್ಲಿ ಹೋಗುವಾಗ ಭರಮುವಿನ ಭುಜ ಮುಟ್ಟಿ ಮಾತಾಡಿಸುತ್ತಾನೆ. ಭೂಪಾಲ ಮಾಸ್ತರರು ಎದ್ದರು, ಕುರ್ಚಿ ಹಿಂದೆ ಸರಿಯಿತು, ಕನಿಕರ ಯಾಕ ಬೇಕ್ರಿ ರಾವಸಾಹೇಬ, ಕೆಲಸ ನೋಡ್ರಿ, ಮೊದಲ ಈ ಫೋನಿನ ರಿಸೀವರ್ ಹನ್ನೊಂದಕ್ಕ ತಗದ ಇಡತಿದ್ರು, ಈಗ ಮೂರನೇ ಗಂಟಿ ಆಗೂದ್ರಾಗ ಎತ್ತತಾನ, ಸಪನಾ ಬಂದ ಮ್ಯಾಲ ನಿಮ್ಮ ಓಣ್ಯಾಗ ಕಸ ಉಳದೈತೇನು? ಹಿಂದಿನ ಸಾಲಿನಿಂದ ಯಾರೋ, ಆದರ ಆ ಮಾಳು ಸಂತಿಗಿ ಬಂದ್ರ ಮಂದಿ ನಗತಾರ್ರಿ ಸರ. ನಗವರನ್ನ ತಗೀರಿ, ಮಾಳುನ ಯಾಕ ತಗೀತೀರಿ? ನಕ್ಕರು, ಮಾಸ್ತರರ ಮಾತಿಗೋ ಮಾಳುವಿಗೋ ತಿಳಿಯದ ನಗು. ಮಾಳು ಇಂಥ ನಗುವಿನ ನಡುವೆಯೇ ಸಂತೆಯಲ್ಲಿ ಎದೆ ಸೆಟೆಸಿ ನಡೆಯುತ್ತಾಳಂತೆ, ಸಪನಾ ಹೇಳಿದ್ದು, ನಡಿಗೆಯ ಆ ಗತ್ತು ಭರಮುವಿಗೆ ಅವಳ ಚಪ್ಪಲಿಯಲ್ಲೇ ಗೊತ್ತಾಗುತ್ತದೆ. ರಾವಸಾಹೇಬರು ಸುಮ್ಮನಿರಲಿಲ್ಲ, ಒಂದ್ ಮಾತ್ ಸಿಟ್ಟಿಗೇಳಬ್ಯಾಡ್ರಿ, ಆ ಫೋನಿನ ಭರಮು ನಮ್ಮ ಸುಗಂಧಾಬಾಯಾರ ಮೈದುನ ಹೌದಿಲ್ಲೋ, ಮಂದಿ ಆಡಕೊಳ್ಳಾಕತ್ತಾರ, ಮೆಂಬರ್ ಆದಾಕಿ ಮೊದಲ ಮನಿಯವರಿಗೆ ಕುರ್ಚಿ ಹಾಕಿದಳು ಅಂತ. ಸುಗಂಧಾ, ಒಂಬತ್ತನೇ ವಾರ್ಡಿನ ಮೆಂಬರು, ತೀರಿಕೊಂಡ ಅಣ್ಣ ಸುರಜನ ಹೆಂಡತಿ, ಅವನ ವೈನಿ, ಅತ್ತಿಗೆ. ಅವಳು ಮೆಂಬರಾಗುವ ಮೊದಲೇ ಅವನಿಗೆ ಆರ್ಡರ್ ಬಂದಿತ್ತು, ಹೇಳು ವೈನಿ, ತಾರೀಖು ಹೇಳು, ನೀನೇ ಓದಿ ಹೇಳಿದ ಆರ್ಡರು. ಹೇಳಲಿಲ್ಲ. ಬೆಳಿಗ್ಗೆ ಸ್ಕೂಟಿಯ ಹಿಂದೆ ಅವನನ್ನು ಕೂರಿಸಿಕೊಂಡು ಬರುವಾಗಲೂ ಬಾಯಿ ಬಿಟ್ಟಿರಲಿಲ್ಲ, ಸಭೆಯ ಚಿಂತೆ ಇದ್ದೀತು ಎಂದು ಅವನೂ ಕೆದಕಲಿಲ್ಲ.

ಹೊರಗೆ ಹಾರೂಗೇರಿಯ ಬಸ್ಸು ತಿರುವಿನಲ್ಲಿ ಗೇರು ಬದಲಿಸಿತು, ಬಸ್ಸೆಂದರೆ ಅಂಗೈ ತಾನಾಗಿ ಮುಚ್ಚಿಕೊಳ್ಳುತ್ತದೆ, ಇವತ್ತಿಗೂ — ಆರು ವರ್ಷದ ಹಿಂದೆ ಸ್ಟ್ಯಾಂಡಿನಲ್ಲಿ ಉಗಾರ ಖುರ್ದದ ಬಸ್ಸಿಗೆ ಕಾಯುತ್ತಿದ್ದ, ಇಸ್ತ್ರಿ ಅಂಗಿ, ಚೀಲದಲ್ಲಿ ಡಿಪ್ಲೊಮಾ ಸರ್ಟಿಫಿಕೇಟು, ಸಂದರ್ಶನಕ್ಕೆ ಹೊರಟವನು ಮಳೆ ಬಂತೇನೋ ಎಂದು ಕೈ ಚಾಚಿದ್ದಷ್ಟೇ, ಯಾವಳೋ ಪುಣ್ಯಾತಗಿತ್ತಿ ಎರಡು ರೂಪಾಯಿಯ ನಾಣ್ಯ ಇಟ್ಟು ಬಸ್ಸು ಹತ್ತಿ ಹೋದಳು, ಕರೆದು ಹೇಳಲೂ ಆಗಲಿಲ್ಲ, ನಾ ಬೇಡಾವಲ್ರೀ ಯವ್ವಾ, ನಾ ಬಸ್ಸಿಗೆ ನಿಂತೀನಿ. ಆ ನಾಚಿಕೆ ಉರಿದಷ್ಟು ಯಾರ ಬೈಗುಳವೂ ಉರಿದಿಲ್ಲ. ಈ ಟೇಬಲ್ಲಿಗೆ ಬಂದ ಮೇಲೆ ಆ ಉರಿ ಆರಿತು, ಯಾಕೆಂದರೆ ಫೋನಿನಲ್ಲಿ ಯಾರಿಗೂ ಅವನು ಕುರುಡನಲ್ಲ, ಫೋನಿನಲ್ಲಿ ಅವನು ಪುರಸಭೆ. ಕನ್ನಡದಲ್ಲಿ ಕೇಳಿದರೆ ಕನ್ನಡ, ಮರಾಠಿಯಲ್ಲಿ ಕೇಳಿದರೆ ಮರಾಠಿ, ಬೋಲಾ ಸಾಹೇಬ, ಕಾಯ್ ತಕರಾರ ಆಹೇ, ಬೈದರೂ ಪುರಸಭೆಯನ್ನು ಬೈದ ಹಾಗೆ ಬೈಯುತ್ತಾರೆ, ಎಂಥ ಸುಖ ಅದು, ಎಲ್ಲರಂತೆ ಬೈಸಿಕೊಳ್ಳುವುದು. ಅಕ್ಕೋಳ ರಸ್ತೆಯ ತೋಟದ ಮನೆಯ ಲಕ್ಕವ್ವ ದಿನಕ್ಕೆರಡು ಸಲ ಫೋನು ಮಾಡುವ ಮುದುಕಿ, ಒಮ್ಮೆ ಕೇಳಿದಳು, ತಮ್ಮಾ, ನಮ್ಮ ಕಂಬದ ಲೈಟು ಹತ್ತಿತು, ನೋಡಿದೇನು? ನೋಡೇನ್ರೀ ಅವ್ವಾರ, ಚಲೋ ಬೆಳಕ ಐತಿ. ಆ ಸುಳ್ಳು ಹೇಳಿದ ದಿನ ಮನೆಗೆ ಹೋಗುವ ತನಕ ನಗುತ್ತಿದ್ದ, ವೈನಿಗೆ ಹೇಳಿದಾಗ ಅವಳೂ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಏಪ್ರಿಲ್ ಒಂದರಿಂದ ಮತ್ತೆ ಕಟ್ಟೆ, ಮತ್ತೆ ಬಸ್ ಸ್ಟ್ಯಾಂಡು, ಮತ್ತೆ ಅಂಗೈ ಮುಚ್ಚಿಕೊಂಡೇ ನಿಲ್ಲುವುದು.

ಏಳು ಮುಗಸ್ರಿ, ಅಧ್ಯಕ್ಷ ಅಣ್ಣಾಸಾಬರ ದನಿ, ಇವರು ಯಾರನ್ನೂ ಗದರುವುದಿಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆಯುವಂಥ ಮಾತು, ಏಳು ಮುಗದರ ಎಂಟು, ಎಂಟನೇದರಾಗ ನಿಮ್ಮ ಕೇರಿ ಪೈಪ್‌ಲೈನ್ ಐತಿ ಸುಗಂಧಾಬಾಯಾರ, ಇದರಾಗ ಜಗಳಾಡಿ ಎಲ್ಲಾರೂ ಎದ್ದ ಹೋದರ ಅದೂ ಮುಂದಿನ ವರ್ಷಕ್ಕ ಹೋಗತೈತಿ, ಆಮ್ಯಾಲ ನನಗನ್ನಬ್ಯಾಡ್ರಿ. ಹಾಗೆಂದರೆ ಏನು ಎಂದು ಸಭೆಯಲ್ಲಿ ಎಲ್ಲರಿಗೂ ತಿಳಿಯಿತು, ವರಾಂಡದಲ್ಲಿದ್ದವನಿಗೂ. ಕೇರಿಯ ನೀರಿನ ತಕರಾರು ಬರೆದುಕೊಳ್ಳುವವನು ಅವನೇ, ಎರಡು ವರ್ಷದಲ್ಲಿ ಮುನ್ನೂರು ಸಲ ಒಂದೇ ಸಾಲು ಚುಚ್ಚಿದ್ದಾನೆ, ಒಂಬತ್ತನೇ ವಾರ್ಡು, ನೀರಿಲ್ಲ, ಒಂಬತ್ತನೇ ವಾರ್ಡು, ನೀರಿಲ್ಲ, ಹೊಲದ ಕೆಲಸಕ್ಕೆ ಹೋಗುವ ಮೊದಲು ಬೋರಿನ ಮುಂದೆ ಕೊಡಗಳ ಸಾಲು, ಕೊಡಕ್ಕೆ ಕೊಡ ತಾಗಿ ಜಗಳ, ಅವ್ವನ ಸೊಂಟ ಅದೇ ಬೋರಿನಲ್ಲಿ ಹೋಯಿತು. ಪೈಪ್‌ಲೈನ್ ತಂದರ ಅಷ್ಟ ಸಾಕು ವೈನಿ, ಮತ್ತೇನೂ ಮಾಡಬ್ಯಾಡ ನೀ — ಎಲೆಕ್ಷನ್ನಿನ ವೇಳೆ ಅವನೇ ಅಂದಿದ್ದ, ಕೇರಿಯವರ ಮುಂದೆ, ದೊಡ್ಡ ದನಿಯಲ್ಲಿ, ಚಪ್ಪಾಳೆಯೂ ಬಿದ್ದಿತ್ತು. ಮತಕ್ಕ ಹಾಕೂನ್ರಿ, ಯೋಜನೆ ನಿಲ್ಲಸಬೇಕನ್ನವರು, ಎಂದರು ಅಣ್ಣಾಸಾಬರು, ನಂದು ಹೌದ್ರೀ ಎಂದು ಒಬ್ಬ ಬಾಯಿ ತೆಗೆದ, ತೆಗೆದ ಕೂಡಲೇ ಅಣ್ಣಾಸಾಬರು ದನಿ ಇಳಿಸಿದರು, ಏ, ಬಾಯಿಲೆ ಬ್ಯಾಡ್ರಿ, ಹೊರಗ ಭರಮು ಕುಂತಾನ, ಬಾಗಲಾ ತಗದೈತಿ, ಯಾರ್ಯಾರು ಅಂತ ತಿಳದರ ಅವನ ಮನಸಿಗೆ ಹತ್ತತೈತಿ, ಕೈ ಎತ್ತಿದರ ಸಾಕು, ನಿತಿನ ಎಣಸ್ಲಿ. ಆ ಮಾತಿಗೆ, ಹುಚ್ಚು ಮನಸ್ಸು, ಒಂದು ಗಳಿಗೆ ಭರಮು ಹಿಗ್ಗಿದ, ನನ್ನ ಮನಸ್ಸಿನ ಬಗ್ಗೆ ಇಷ್ಟಾದರೂ ಯೋಚಿಸಿದರಲ್ಲ ಎಂದು. ಕೈ ಎತ್ತುವುದು ಹೇಗಿರುತ್ತದೆ ಎಂದು ಅವನು ಕಂಡಿಲ್ಲ, ಬೆಳಗಾವಿಯ ಅಂಧರ ಶಾಲೆಯಲ್ಲಿ ಯಾರೂ ಕೈ ಎತ್ತುತ್ತಿರಲಿಲ್ಲ, ಎತ್ತಿದರೆ ನೋಡುವವರು ಯಾರು, ಉತ್ತರ ಗೊತ್ತಿದ್ದವರು ಬಾಯಿಬಿಟ್ಟು ಹೇಳುತ್ತಿದ್ದರು.

ಫೋನು ಹೊಡೆದುಕೊಂಡಿತು. ಈಗಲೇ. ಒಂದು, ಎರಡು, ಎತ್ತಿದರೆ ಒಳಗಿನದು ತಪ್ಪುತ್ತದೆ, ಬಿಟ್ಟರೆ ಮಾಸ್ತರರ ಮಾತು ಸುಳ್ಳಾಗುತ್ತದೆ, ಮೂರನೆಯದಕ್ಕೆ ಕೈ ತಾನೇ ಹೋಯಿತು, ನಮಸ್ಕಾರ್ರೀ, ಪುರಸಭೆ, ಹೇಳ್ರಿ. ತಮ್ಮಾ, ನಾನೋ ಲಕ್ಕವ್ವ, ಮೂರ ದಿನ ಆತು ನಮ್ಮ ಕಡೆ ಕಸದ ಗಾಡಿ ಬಂದಿಲ್ಲ, ಆ ಹುಡುಗಿ ಚಲೋ ಹಾಡ ಹಚ್ಚಕೊಂಡ ಬರತಿದ್ಲು, ಎಲ್ಲಿ ಹೋದ್ಲೋ? ಬರಕೋತೀನ್ರೀ ಅವ್ವಾರ, ಎಂದು ಎಡಗಿವಿಗೆ ರಿಸೀವರು ಒತ್ತಿ ಬಲಗಿವಿಯನ್ನು ಬಾಗಿಲಿಗೆ ಕೊಟ್ಟ, ಫ್ಯಾನಿಲ್ಲದ, ಮೈಕಿಲ್ಲದ ಸಭಾಗೃಹ, ನಿತಿನನ ಚಪ್ಪಲಿ ಸಾಲಿನಿಂದ ಸಾಲಿಗೆ, ಖಾದಿ ತೋಳುಗಳ ಸರಸರ, ಒಂದು ವಾಚು ಜಾರಿದ ಸದ್ದು, ಒಂದು ಕೆಮ್ಮು — ಮತ್ತು ಗಾಜಿನ ಬಳೆ. ಮಣಿಕಟ್ಟಿನಿಂದ ಹೊರಟು ಮೊಣಕೈಯ ತನಕ ಒಂದರ ಹಿಂದೊಂದು ಜಾರಿದವು, ನಡುವೆ ಒಂದು ಬೆಳ್ಳಿಯದು, ಅದರ ಸದ್ದು ಮಂದ. ಅಲ್ಲ. ಬೇರೆ ಯಾರದೋ. ಹೆಣ್ಣು ಮೆಂಬರುಗಳಲ್ಲಿ ಕೋಮಲ ಬಾಯಿಯವರದು ಚಿನ್ನ, ಪ್ರಾಜಕ್ತಾ ಬಾಯಿಯವರು ವಾಚು ಬಿಟ್ಟು ಏನೂ ಹಾಕುವುದಿಲ್ಲ, ಉಳಿದವರದು ಗಾಜೇ ಇದ್ದೀತು, ಆದರೆ ಗಾಜಿನ ನಡುವೆ ಬೆಳ್ಳಿ, ಈ ಊರಿನಲ್ಲಿ ಹಾಗೆ ಹಾಕಿಕೊಳ್ಳುವವಳು ಒಬ್ಬಳೇ.

ಆ ಬೆಳ್ಳಿ ಅವ್ವನದು. ಸುರಜ ಹೋದ ಹನ್ನೆರಡನೆಯ ದಿನ, ಮನೆಯ ಗೋಡೆಗೆ ಬುದ್ಧನ ಫೋಟೋ ಇದ್ದರೂ, ಭಂತೇಜಿ ಬಂದು ವಂದನೆ ಹೇಳಿ ಹೋಗಿದ್ದರೂ, ಕೇರಿಯ ಮುದುಕಿಯರು ರೂಢಿ ಬಿಡದೆ ಹೊಸ್ತಿಲ ಮೇಲೆ ಕಲ್ಲು ತಂದಿಟ್ಟುಕೊಂಡು ಕೂತರು, ತಾ ಬೇ ಕೈ, ಬಳಿ ಒಡ್ಯೂದೈತಿ, ವೈನಿ ಕೈ ಕೊಟ್ಟಳು, ಸೀರೆ ಸರಿದದ್ದು ಕೇಳಿಸಿತು, ಆಗ ಭರಮು ಎದ್ದು ನಿಂತಿದ್ದ, ಗೋಡೆ ತಡವಿಕೊಂಡು, ಬಳಿ ಒಡದರ ಈ ಮನ್ಯಾಗ ವೈನಿ ಎಲ್ಲಿ ಅದಾಳ ಅಂತ ನನಗ ಹ್ಯಾಂಗ ತಿಳೀಬೇಕು, ಅಣ್ಣ ಹೋದ, ಇಕೀನೂ ಇಲ್ಲಧಂಗ ಮಾಡತೀರೇನು, ಕೂಗಿ ಕೂಗಿ ಗಂಟಲು ಹರಿದುಹೋಗಿತ್ತು, ಮುದುಕಿಯರು ಕಲ್ಲು ಎತ್ತಿಕೊಂಡು ಹೋದರು, ಅವ್ವ ತನ್ನ ಬೆಳ್ಳಿಯ ಬಳೆ ಬಿಚ್ಚಿ ಸೊಸೆಯ ಕೈಗೆ ಹಾಕಿದಳು. ಅವತ್ತಿನಿಂದ ಆ ಸದ್ದೇ ಅವನಿಗೆ ಮನೆ, ರೊಟ್ಟಿ ತಟ್ಟುವಾಗ ಬೇರೆ, ಕೊಡ ಎತ್ತುವಾಗ ಬೇರೆ, ಸ್ಕೂಟಿಯ ಹ್ಯಾಂಡಲ್ ತಿರುವುವಾಗ ಬೇರೆ, ಇಷ್ಟು ಎತ್ತರಕ್ಕೆ ಹೋದದ್ದು ಮಾತ್ರ ಇವತ್ತೇ, ಅವನೇ ಉಳಿಸಿಕೊಟ್ಟ ಬಳೆ, ಉಳಿಸಿರದಿದ್ದರೆ ಇವತ್ತು ಏನೂ ಕೇಳುತ್ತಿರಲಿಲ್ಲ, ಸುಖವಾಗಿ ಇರುತ್ತಿದ್ದ, ಯಾರೋ ಕೈ ಎತ್ತಿದರು ಅಷ್ಟೆ ಎಂದು. ಮುನ್ನೂರು ಸಲ ನೀರಿಲ್ಲ ಎಂದು ಚುಚ್ಚಿದವನು ಸಿಟ್ಟಾದರೂ ಹೇಗೆ ಆಗಬೇಕು, ಸಿಟ್ಟು ಬರಲಿ ಎಂದು ಕಾದ, ಬರಲಿಲ್ಲ, ಬಂದದ್ದು ಬರೀ ದುಃಖ. ನೀ ನನಗ ಹೇಳಬೇಕಿತ್ತು ವೈನಿ, ಬೆಳಿಗ್ಗೆ ಸ್ಕೂಟಿ ಮ್ಯಾಲ ಹೇಳಿದ್ದರ ನಾನೂ ಹೂಂ ಅಂತಿದ್ನೇನೋ. ಹಲೋ, ಹಲೋ, ತಮ್ಮಾ, ಬರಕೊಂಡೇನು, ಎಡಗಿವಿಯಲ್ಲಿ ಲಕ್ಕವ್ವ, ಒಳಗೆ ನಿತಿನನ ಚಪ್ಪಲಿ ಮತ್ತೆ ಮೊದಲ ಸಾಲಿಗೆ ಹೋಯಿತು, ಲೆಕ್ಕ ತಪ್ಪಿದೆ, ಮತ್ತೆ ಎಣಿಸುತ್ತಿದ್ದಾನೆ, ಖಾದಿ ತೋಳುಗಳು ಒಂದೊಂದಾಗಿ ಇಳಿದವು, ವಾಚು ಇಳಿಯಿತು, ಏ, ಇಳಸಬ್ಯಾಡ್ರಿ ಇನ್ನ, ಎಂದರು ಅಣ್ಣಾಸಾಬರು, ಮೊಳೆ ಪಟ್ಟಿಯ ಮೇಲೆ ನಿಂತಿದೆ, ಒಂದು ಚುಕ್ಕೆಯೂ ಬಿದ್ದಿಲ್ಲ, ಹಲೋ, ಇದ್ದೀಯೇನೋ ತಮ್ಮಾ, ಭರಮು ಕಾಯುತ್ತಿದ್ದಾನೆ, ಬಳೆ ಹಿಂದಕ್ಕೆ ಬರಬೇಕು, ಮೊಣಕೈಯಿಂದ ಮಣಿಕಟ್ಟಿಗೆ, ಗಾಜು, ಗಾಜು, ಬೆಳ್ಳಿ, ಗಾಜು — ಇನ್ನೂ ಬಂದಿಲ್ಲ, ಕೈ ಮೇಲೆಯೇ ಇದೆ, ಬಳೆ ಮೊಣಕೈಯಲ್ಲೇ ಇದೆ, ಇನ್ನೂ ಇಳಿದಿಲ್ಲ