ಕೆಳಗಿನ ಮೂಲೆ

ಮಾವ ರಸಮಟ್ಟವನ್ನು ಬಟ್ಟೆಯಿಂದ ಬಿಚ್ಚಿದಾಗ ದೊಡ್ಡ ಅಳಿಯ ಅಭ್ಯಾಸಬಲದಿಂದ ಕೈ ಚಾಚಿದ. ಹತ್ತೊಂಬತ್ತು ವರ್ಷದಿಂದ ಹಾಗೇ ನಡೆದುಬಂದಿತ್ತು. ಗರಗಸದ ಮಿಲ್ಲನ್ನು ಎಲ್ಲಿ ಹೂಡಿದರೂ ಮಾವ ಆ ಹಳೆಯ ಮರದ ಪಟ್ಟಿಯನ್ನು ಅವನ ಕೈಗಿಡುತ್ತಿದ್ದರು. ಅವನು ಅದನ್ನು ಗರಗಸ ಓಡುವ ಹಳಿಯ ಮೇಲಿಟ್ಟು, ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ಬಂದು ನಿಲ್ಲುವವರೆಗೂ ಅಡಿಗೆ ಮರದ ತುಂಡು ಕೊಡುತ್ತಿದ್ದ. ಇವತ್ತು ಮಾವನ ಕೈ ಅವನ ಕೈಯನ್ನು ದಾಟಿ ಮುಂದೆ ಹೋಯಿತು.

"ತಗೊಳ್ಳೋ, ಇವತ್ತು ನೀನು ಇಡು," ಎಂದರು ಚಿಕ್ಕ ಅಳಿಯನಿಗೆ.

ಚಾಚಿದ ಕೈಯನ್ನು ಏನು ಮಾಡುವುದೆಂದು ತೋಚದೆ ದೊಡ್ಡ ಅಳಿಯ ಅದರಲ್ಲೇ ಕತ್ತು ಕೆರೆದುಕೊಂಡ. ಯಾರೂ ನೋಡಲಿಲ್ಲ. ನೋಡದೇ ಇದ್ದದ್ದು ಇನ್ನಷ್ಟು ಉರಿಸಿತು.

ಜಾಗವೋ, ದೇವರಿಗೇ ಪ್ರೀತಿ. ಒಬ್ಬ ಟೀಚರಮ್ಮನ ಮನೆಯ ಹಿಂದಿನ ಇಳಿಜಾರು. ಚೊಂಬು ಕೆಳಗಿಟ್ಟರೆ ಅದು ಹಳ್ಳಕ್ಕೆ ಹೋಗಿ ಇಟ್ಟವನಿಗಾಗಿ ಕಾಯುತ್ತಿತ್ತು. ಗಾಳಿಗೆ ಎರಡು ದೊಡ್ಡ ಮರ ಉರುಳಿ ಅಲ್ಲೇ ಬಿದ್ದಿದ್ದವು. ದಿಮ್ಮಿಗಳನ್ನು ರಸ್ತೆಗೆ ಎಳೆಯುವ ಮಾತೇ ಇರಲಿಲ್ಲ. ಹಾಗಾಗಿ ಮಿಲ್ಲೇ ಮರದ ಹತ್ತಿರ ಬಂದಿತ್ತು, ತುಂಡುತುಂಡಾಗಿ, ಇಬ್ಬರು ಅಳಿಯಂದಿರ ಹೆಗಲ ಮೇಲೆ. ಹಳಿಗಳನ್ನು ಇಳಿಜಾರಿಗೆ ಅಡ್ಡವಾಗಿ ಹಾಸಿದ್ದರು. ಮೇಲಿನ ಬದಿ ನೆಲಕ್ಕೇ ತಾಗಿದ್ದರೆ ಕೆಳಗಿನ ಬದಿಯನ್ನು ಮರದ ತುಂಡುಗಳ ಅಟ್ಟಿ ಕಟ್ಟಿ ಸೊಂಟದೆತ್ತರಕ್ಕೆ ಎಬ್ಬಿಸಬೇಕಿತ್ತು. ಮಾವನಿಗೆ ಮಂಡಿ ಕೈಕೊಟ್ಟು ಆರು ತಿಂಗಳಾಗಿತ್ತು. ಅವರು ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಾಯಲ್ಲೇ ಕೆಲಸ ಮಾಡುತ್ತಿದ್ದರು.

ಬೆಳಿಗ್ಗೆ ಬುತ್ತಿ ಕಟ್ಟುತ್ತಾ ದೊಡ್ಡ ಅಳಿಯನ ಹೆಂಡತಿ ಹೇಳಿದ್ದಳು: "ಅಪ್ಪ ಇನ್ನೆಷ್ಟು ದಿನ ಇಳಿಜಾರು ಇಳೀತಾರೆ? ಮಿಲ್ಲು ಯಾರ ಕೈಗೆ ಬಿಡ್ತಾರೋ ನೋಡ್ಬೇಕು."

"ಯಾರ ಕೈಗೆ ಅಂದ್ರೆ?" ಎಂದಿದ್ದ ಅವನು. ಅದೊಂದು ಪ್ರಶ್ನೆ ಎಂದೇ ಅವನಿಗೆ ಅಲ್ಲಿಯವರೆಗೆ ಅನ್ನಿಸಿರಲಿಲ್ಲ. ಈಗ ರಸಮಟ್ಟ ಯಾರ ಕೈಗೆ ಹೋಯಿತೋ ಮಿಲ್ಲೂ ಅವನ ಕೈಗೇ ಎನ್ನುವುದು ಅವನಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

ಷಡ್ಡಕ ಈ ಮನೆಗೆ ಅಳಿಯನಾಗಿ ಬಂದು ಎರಡೇ ವರ್ಷ. ಅದಕ್ಕೆ ಮುಂಚೆ ಪಂಪು, ಮೋಟಾರು ರಿಪೇರಿ ಮಾಡಿಕೊಂಡಿದ್ದ. ಬಂದವನೇ ಇಂಜಿನ್ನಿನ ಹೊಗೆ ನಿಲ್ಲಿಸಿದ, ದಿಮ್ಮಿ ಹಿಡಿಯುವ ಕೊಂಡಿ ಬದಲಿಸಿದ, ಮಾವನನ್ನು ನಗಿಸಿದ. ಅದೇ ಸಹಿಸಲಾಗದ್ದು. ಮಾವ ಅವನನ್ನು "ಎಲ್ಲಿ ಹಾಳಾಗಿ ಹೋಗಿದ್ಯೋ" ಎಂದು ಬೈಯುತ್ತಿದ್ದರು, ಬೆನ್ನಿಗೆ ಗುದ್ದುತ್ತಿದ್ದರು. ದೊಡ್ಡ ಅಳಿಯನಿಗೋ ಮದುವೆಯ ದಿನದಿಂದ ಇವತ್ತಿನವರೆಗೂ "ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ." ಒಮ್ಮೆ ಇದನ್ನು ಹೆಂಡತಿಯ ಹತ್ತಿರ ಆಡಿದ್ದಕ್ಕೆ ಅವಳು, "ಮರ್ಯಾದೆ ಕೊಟ್ರೂ ತಪ್ಪಾ?" ಎಂದು ನಕ್ಕಿದ್ದಳು. ನೆಂಟರಿಗೆ ಕೊಡುವುದೂ ಮರ್ಯಾದೆಯೇ ಎಂದು ಅವಳಿಗೆ ಹೇಗೆ ಹೇಳುವುದು.

ಚಿಕ್ಕವನು ದಾರ ಕಟ್ಟಿದ. ಗುದ್ದಲಿಯಿಂದ ಮೆಟ್ಟಿಲಿನಂತೆ ನೆಲ ಕಡಿದು, ಅಗಲದ ತುಂಡು ಕೆಳಗೆ, ಸಣ್ಣದು ಮೇಲೆ ಬರುವಂತೆ ಅಟ್ಟಿ ಕಟ್ಟಿದ. ಬೆಣೆಗೆ ಎರಡೇ ಏಟು ಹಾಕಿ ರಸಮಟ್ಟ ನೋಡುತ್ತಿದ್ದ. ಕೆಲಸ ಚೆನ್ನಾಗಿತ್ತು. ದೊಡ್ಡವನು ತಪ್ಪಿಗಾಗಿ ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದ. ಮೂರು ಮೂಲೆಯಲ್ಲೂ ಸಿಗಲಿಲ್ಲ.

ನಾಲ್ಕನೆಯದರಲ್ಲಿ, ಕೆಳಬದಿಯ ಹಿಂದಿನ ಮೂಲೆಯಲ್ಲಿ, ಸಿಕ್ಕಿತು.

ಅಲ್ಲಿ ನಿನ್ನೆ ಒಂದು ಹಳೆಯ ಬೊಡ್ಡೆ ಇತ್ತು. ಚಿಕ್ಕವನು ಗರಗಸದ ಹಲ್ಲಿಗೆ ಸಾಣೆ ಹಿಡಿಸಲು ಪೇಟೆಗೆ ಹೋಗಿದ್ದಾಗ ದೊಡ್ಡವನು ಒಬ್ಬನೇ ಅದನ್ನು ಕಿತ್ತಿದ್ದ. ತೊಡೆಮಟ್ಟದ ಗುಂಡಿ ಬಿದ್ದಿತ್ತು. ಸಡಿಲ ಮಣ್ಣು, ತರಗು ಎಲ್ಲ ಎಳೆದು ಮುಚ್ಚಿ, ಕಾಲಲ್ಲಿ ಸವರಿ ಸಮ ಮಾಡಿದ್ದ. ಇಂದು ಮಿಲ್ಲು ಕೂರಿಸುವವನು ತಾನೇ ತಾನೆ, ಆಗ ನೋಡಿಕೊಂಡರಾಯಿತು ಎಂದುಕೊಂಡಿದ್ದ.

ಚಿಕ್ಕವನು ಆ ಮಣ್ಣಿನ ಮೇಲೆ ನಿಂತು ಎರಡು ಸಲ ಕಾಲಲ್ಲಿ ತುಳಿದ. ತಲೆ ಎತ್ತಿ ಮೇಲೆ ನಿಂತಿದ್ದ ದೊಡ್ಡವನನ್ನು ನೋಡಿದ. ದೊಡ್ಡವನೂ ಅವನನ್ನೇ ನೋಡಿದ. ಆಮೇಲೆ ಬಿಗಿಯಾಗಿಯೇ ಇದ್ದ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದ.

ಅವನಿಗೆ ಬೇಕಾಗಿದ್ದದ್ದು ಸ್ವಲ್ಪವೇ. ಮಾವನದೊಂದು ಪದ್ಧತಿ ಇತ್ತು. ಮಟ್ಟ ಇಟ್ಟಾದ ಮೇಲೆ ಹಳಿಯ ಮೇಲೆ ಕಂಠಮಟ್ಟ ನೀರು ತುಂಬಿದ ಬಟ್ಟಲಿಟ್ಟು ದಿಮ್ಮಿ ಉರುಳಿಸಬೇಕು. ಹನಿ ಚೆಲ್ಲದಿದ್ದರೆ ಪಾಸು. ದಿಮ್ಮಿಯ ಭಾರಕ್ಕೆ ಮೂಲೆ ನಾಲ್ಕು ಬೆರಳು ಕುಸಿಯುತ್ತದೆ, ನೀರು ಚೆಲ್ಲುತ್ತದೆ, ಮಾವ ಹುಬ್ಬು ಗಂಟಿಕ್ಕಿ "ಅಳಿಯಂದ್ರೇ, ನೀವೇ ನೋಡಿ" ಅನ್ನುತ್ತಾರೆ. ಅಷ್ಟೇ. ಅಷ್ಟಕ್ಕೆ ಯಾರ ಗಂಟೂ ಹೋಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮೇಲಿನಿಂದ ಹಗ್ಗ ಕೊಟ್ಟು, ಸನ್ನೆಕೋಲು ಹಾಕಿ, ಇಬ್ಬರೂ ಮೊದಲ ದಿಮ್ಮಿಯನ್ನು ಮೆಲ್ಲಗೆ ಇಳಿಸಿದರು. ಅದು ಅಡ್ಡಪಟ್ಟಿಗಳ ಮೇಲೆ ಧೊಪ್ಪನೆ ಕೂತಿತು. ಬಟ್ಟಲಿನ ನೀರು ಅಂಚಿನವರೆಗೆ ಹೋಗಿ ಹಿಂದಕ್ಕೆ ಬಂತು. ಒಂದು ಹನಿ ಚೆಲ್ಲಲಿಲ್ಲ.

"ಭೇಷ್ ಕಣೋ," ಎಂದರು ಮಾವ.

ನೀರು ಕೂಡ ಅವನ ಪಕ್ಷವನ್ನೇ ಹಿಡಿಯಿತಲ್ಲ ಎಂದು ದೊಡ್ಡವನ ಹೊಟ್ಟೆ ಉರಿಯಿತು. ಹತ್ತೊಂಬತ್ತು ವರ್ಷದಲ್ಲಿ ಅವನಿಗೆ ಒಂದು "ಭೇಷ್" ಬಂದದ್ದು ನೆನಪಿರಲಿಲ್ಲ. "ಸರಿಯಾಗಿದೆ, ಬಿಡಿ" ಎನ್ನುವುದು ಬಂದಿತ್ತು.

ಪದ್ಧತಿಯ ಎರಡನೇ ಭಾಗವೂ ಇತ್ತು. ಮಟ್ಟ ಇಟ್ಟವನೇ ಕೆಳಬದಿಯಲ್ಲಿ ನಿಂತು ಮೊದಲ ಹಲಗೆ ಹಿಡಿಯಬೇಕು. ತನ್ನ ಕೆಲಸದ ಕೆಳಗೆ ನಿಲ್ಲಲು ಹೆದರುವವನು ಆ ಕೆಲಸ ಮಾಡಲೇಬಾರದು ಎಂಬುದು ಮಾವನ ಲೆಕ್ಕ. ಚಿಕ್ಕವನು ಸೀಟಿ ಹಾಕುತ್ತಾ ಕೆಳಗೆ ಇಳಿದ. ದೊಡ್ಡವನು ಇಂಜಿನ್ ಚಾಲೂ ಮಾಡಿ ಗರಗಸದ ಹಿಡಿಕೆ ಹಿಡಿದ.

ಗರಗಸ ತೊಗಟೆಗೆ ಬಾಯಿ ಹಾಕಿತು. ಅವನು ಒಂದೊಂದೇ ಹೆಜ್ಜೆ ತಳ್ಳುತ್ತಾ ಹೋದ. ಇಂಜಿನ್ನಿನ ಭಾರವೆಲ್ಲ ಹಳಿಯ ಮೇಲೆ ಅವನ ಜೊತೆಗೇ ಹಿಂದಿನ ಮೂಲೆಯ ಕಡೆಗೆ ಸಾಗುತ್ತಿತ್ತು. ನಡು ದಾಟಿತು. ಹಳಿ ಅದುರುತ್ತಿತ್ತು. ಬಟ್ಟಲಿನ ಕೆಳ ಅಂಚಿನಿಂದ ನೂಲೆಳೆಯಷ್ಟು ನೀರು ಇಳಿಯಿತು. ಬೆಳಿಗ್ಗೆಯಿಂದ ಕಾದಿದ್ದದ್ದು ಅದಕ್ಕೇ. ಅವನು ಖುಷಿಪಡಬೇಕಿತ್ತು.

ಆದರೆ ಚಿಕ್ಕವನು ಬಟ್ಟಲನ್ನು ನೋಡುತ್ತಿರಲಿಲ್ಲ. ದಿಮ್ಮಿಯ ನೇರ ಕೆಳಗೆ, ಹಲಗೆ ಹಿಡಿಯಲು ಎರಡೂ ಕೈ ಎತ್ತಿ ನಿಂತಿದ್ದ. ಅವನ ಹಿಂದೆ ಹಳ್ಳದವರೆಗೂ ಬರಿಯ ಇಳಿಜಾರು. ಅವನ ಕೂದಲ ಮೇಲೆ ಮರದ ಪುಡಿ ಉದುರುತ್ತಿತ್ತು. ಇನ್ನು ಮೂರು ಹೆಜ್ಜೆ ತಳ್ಳಿದರೆ ಭಾರ ಪೂರ್ತಿ ಆ ಮೂಲೆಗೆ ಬೀಳುತ್ತದೆ.

ದೊಡ್ಡವನು ಇಂಜಿನ್ ಆಫ್ ಮಾಡಿದ.

"ಏನಾಯ್ತು?" ಎಂದರು ಮಾವ ಮೇಲಿನಿಂದ.

"ಮೊದಲು ಅಲ್ಲಿಂದ ಆಚೆ ಬಾ ನೀನು," ಎಂದು ದೊಡ್ಡವನು ಚಿಕ್ಕವನಿಗೆ ಹೇಳಿದ. ಅವನು ಪಕ್ಕಕ್ಕೆ ಬರುವವರೆಗೂ ಹಿಡಿಕೆ ಬಿಡಲಿಲ್ಲ. ಆಮೇಲೆ ಮಾವನ ಕಡೆ ತಿರುಗಿದ. "ಆ ಮೂಲೆ ಸಡಿಲ ಇದೆ. ನಿನ್ನೆ ಬೊಡ್ಡೆ ಕಿತ್ತ ಗುಂಡಿ. ನಾನೇ ಮುಚ್ಚಿದ್ದು."

ಚಿಕ್ಕವನು ಹಾರೆ ತಂದು ಅಟ್ಟಿಯ ಪಕ್ಕ ಊರಿದ. ಗುದ್ದಲೂ ಇಲ್ಲ, ಸುಮ್ಮನೆ ಒತ್ತಿದ. ಹಾರೆ ಅರ್ಧಕ್ಕಿಂತ ಹೆಚ್ಚು ಒಳಗೆ ಹೋಯಿತು.

ಮಾವ ಕುರ್ಚಿಯಿಂದ ಎದ್ದು, ಪೊದೆ ಹಿಡಿದು, ಕೆಲವೆಡೆ ಕೂತೇ ಜಾರಿಕೊಂಡು ಕೆಳಗೆ ಬಂದರು. ಹಾರೆಯನ್ನು ನೋಡಿದರು. ಆಮೇಲೆ ದೊಡ್ಡ ಅಳಿಯನ ಮುಖ ನೋಡಿದರು.

"ಅವನು ಮೊದಲ ತುಂಡು ಇಡೋವಾಗ್ಲೇ ಗೊತ್ತಿತ್ತೇನೋ ನಿಂಗೆ?"

ಹತ್ತೊಂಬತ್ತು ವರ್ಷಕ್ಕೆ ಮಾವ ಅವನನ್ನು ಹಾಗೆ ಕರೆದದ್ದು ಅದೇ ಮೊದಲು.

"ಗೊತ್ತಿತ್ತು," ಎಂದ.

"ನಂಗೂ ಅನುಮಾನ ಬಂತು ಮಾವ," ಎಂದ ಚಿಕ್ಕವನು ನಡುವೆ ಬಾಯಿ ಹಾಕಿ. ಅವನಿನ್ನೂ ಹಾರೆಯನ್ನೇ ನೋಡುತ್ತಿದ್ದ. "ತುಳಿದು ನೋಡ್ದೆ. ಅಣ್ಣ ನೋಡ್ತಾ ಇದ್ರು. ಸರಿ ಇಲ್ದಿದ್ರೆ ಅವ್ರು ಸುಮ್ನೆ ಇರಲ್ಲ ಅಂತ ಇಟ್ಟೆ."

ಹೇಳಿ ಮುಗಿಸಿದ ಮೇಲೆ ತಾನು ಆಡಿದ್ದು ಅವನಿಗೇ ಅರ್ಥವಾಯಿತು. ಅವನ ಮುಖ ನಿಧಾನವಾಗಿ ಕಪ್ಪಿಟ್ಟಿತು. ಕೆನ್ನೆಗೆ ಬಾರಿಸಿದ್ದರೆ ಒಳ್ಳೆಯದಿತ್ತು ಎಂದು ದೊಡ್ಡವನಿಗೆ ಅನ್ನಿಸಿತು. ಚಿಕ್ಕವನು ಬಾರಿಸಲಿಲ್ಲ. ಹಾರೆ ಕಿತ್ತು, ಮಣ್ಣು ಒರೆಸಿ, ಪಕ್ಕಕ್ಕಿಟ್ಟ.

ಸರಪಳಿ ರಾಟೆಯನ್ನು ಮೇಲಿನ ಮರಕ್ಕೆ ಕಟ್ಟಿ ದಿಮ್ಮಿಯನ್ನು ಹಿಂದಕ್ಕೆಳೆದು, ಉರುಳದಂತೆ ಅಡ್ಡ ಕೊಟ್ಟು, ಆ ಮೂಲೆಯ ಅಟ್ಟಿ ಬಿಚ್ಚಿದರು. ಗುಂಡಿ ತೋಡಲು ದೊಡ್ಡವನೇ ಇಳಿದ. ಗಟ್ಟಿ ನೆಲ ಸಿಗುವವರೆಗೂ ಅಗೆದ, ಕಲ್ಲು ತುಂಬಿ ದಮ್ಮಸು ಹಾಕಿದ, ಮೇಲೆ ದಪ್ಪ ಹಲಗೆಗಳನ್ನು ಅಡ್ಡಡ್ಡ ಹಾಸಿದ. ಚಿಕ್ಕವನು ಮರದ ತುಂಡುಗಳನ್ನು ಒಂದೊಂದಾಗಿ ಕೊಟ್ಟ. ಕೊನೆಯಲ್ಲಿ ಅವನು ರಸಮಟ್ಟವನ್ನು ಮುಂದೆ ಹಿಡಿದ.

"ನೀವೇ ನೋಡಿ."

ಅಣ್ಣ ಎನ್ನಲಿಲ್ಲ. ಆದರೂ ಕೊಡಲು ಬಂದನಲ್ಲ, ಈ ದೊಡ್ಡತನವೂ ಇವನಿಗೇ ಇರಬೇಕೇ ಎಂದು ದೊಡ್ಡವನಿಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಅದರ ಬಗ್ಗೆ ಅವನಿಗೇ ನಾಚಿಕೆಯೂ ಆಯಿತು.

"ನೀನೇ ಇಡು," ಎಂದ. "ಕೆಳಗೆ ನಾನು ನಿಲ್ತೀನಿ."

ಮಾವ ಬಟ್ಟಲಿಗೆ ನೀರು ತುಂಬಿಸಿ ಹಳಿಯ ಮೇಲಿಟ್ಟು ಮೇಲಕ್ಕೆ ಹೊರಟರು.

ದಿಮ್ಮಿ ಮತ್ತೆ ಕೂತಿತು. ಚಿಕ್ಕವನು ಹಿಡಿಕೆ ಹಿಡಿದು, ಇಂಜಿನ್ ಚಾಲೂ ಮಾಡುವ ಮುಂಚೆ ಕೆಳಗೆ ನೋಡಿದ. ಬೆಳಿಗ್ಗೆ ನೋಡಿದಂತೆಯೇ ನೋಡಿದ. ಈ ಸಲ ಉತ್ತರ ಬರುವವರೆಗೂ ಕಾದ.

ದೊಡ್ಡವನು ಆ ಮೂಲೆಯನ್ನು ಹಿಮ್ಮಡಿಯಿಂದ ಮೂರು ಸಲ ತುಳಿದ. ಅಟ್ಟಿಗೆ ಭುಜ ಕೊಟ್ಟು ತಳ್ಳಿ ನೋಡಿದ. ಇನ್ನೊಮ್ಮೆ ತುಳಿದ.

"ಗಟ್ಟಿ ಇದೆ," ಎಂದ.

ಇಂಜಿನ್ ಗುಡುಗಿತು. ಬಟ್ಟಲು ಈಗ ಅವನ ಕಣ್ಣಿನ ನೇರಕ್ಕಿತ್ತು. ನೀರಿನ ಮೈಯೆಲ್ಲ ನಡುಗುತ್ತಿತ್ತು, ಅಂಚು ದಾಟಲಿಲ್ಲ. ಗರಗಸ ಹಿಂದಿನ ಮೂಲೆ ತಲುಪಿತು. ತೊಗಟೆಯ ಹಲಗೆ ದಿಮ್ಮಿಯಿಂದ ಬಿಟ್ಟುಕೊಂಡು ಕೆಳಗೆ ವಾಲಿತು. ಅವನು ಎರಡೂ ಕೈ ಚಾಚಿದ.