ಮೊಣಕಾಲಿಗೆ ನಾಲ್ಕು ಬೆರಳು ಕೆಳಗೆ

ನಾನು ಒಂದು ಶಿನ್‌ಗಾರ್ಡ್. ಫುಟ್‌ಬಾಲ್ ಆಡುವವರು ಕಾಲುಚೀಲದ ಒಳಗೆ, ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಕಟ್ಟಿಕೊಳ್ಳುವ ಬಾಗಿದ ಹಲಗೆ. ನಾನು ಎಡಗಾಲಿನದು. ನನ್ನ ಜೊತೆ ಹುಟ್ಟಿದ ಬಲಗಾಲಿನದು ಈಗ ಎಲ್ಲಿದೆಯೋ ತಿಳಿಯದು.

ನಾನು ಹುಟ್ಟಿದ್ದು ಜಲಂಧರದ ಒಂದು ಶೆಡ್ಡಿನಲ್ಲಿ. ಅಕ್ಕಿಕಾಳಿನಂಥ ಬಿಳಿಯ ಪ್ಲಾಸ್ಟಿಕ್ ಹರಳುಗಳನ್ನು ಇನ್ನೂರಿಪ್ಪತ್ತು ಡಿಗ್ರಿಗೆ ಕಾಯಿಸಿ ಉಕ್ಕಿನ ಅಚ್ಚಿಗೆ ಒತ್ತಿದರು. ತಣ್ಣಗಾದ ಮೇಲೆ ಬೆನ್ನಿಗೆ ಫೋಮ್ ಅಂಟಿಸಿದರು. ಆ ಅಚ್ಚು ಯಾರ ಕಾಲಿನದೂ ಆಗಿರಲಿಲ್ಲ. ಸಾವಿರಾರು ಕಾಲುಗಳ ಅಳತೆಯನ್ನು ಕೂಡಿಸಿ ಭಾಗಿಸಿ ತೆಗೆದ ಸರಾಸರಿ ಕಾಲು ಅದು. ಅಂಥ ಕಾಲಿರುವ ಮನುಷ್ಯ ಎಲ್ಲಿಯೂ ಇಲ್ಲ.

ನನ್ನ ಕೆಲಸ ಸರಳ. ಎದುರಾಳಿಯ ಬೂಟು ಒಂದೇ ಬಿಂದುವಿನಲ್ಲಿ ಕೊಡುವ ಪೆಟ್ಟನ್ನು ನಾನು ಅಂಗೈ ಅಗಲಕ್ಕೆ ಹಂಚುತ್ತೇನೆ. ಪೆಟ್ಟು ಇಲ್ಲವಾಗುವುದಿಲ್ಲ, ಹಂಚಿಹೋಗುತ್ತದೆ, ಆದ್ದರಿಂದ ಮೂಳೆ ತಾಳಿಕೊಳ್ಳುತ್ತದೆ. ನನ್ನ ಮೇಲಿನ ಅಂಚು ಮೊಣಕಾಲಿಗೆ ನಾಲ್ಕು ಬೆರಳು ಕೆಳಗೆ ಮುಗಿಯುತ್ತದೆ. ಅಲ್ಲಿಂದ ಮೇಲಕ್ಕೆ ನನ್ನ ಅಧಿಕಾರ ನಡೆಯದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಕತೆಯ ಕೇಡೆಲ್ಲ ಇರುವುದು ಆ ನಾಲ್ಕು ಬೆರಳಿನ ಆಚೆ.

ನನ್ನನ್ನು ಮೊದಲು ಕಟ್ಟಿಕೊಂಡವನು ಹಾರಿಸ್. ಮಂಗಳೂರಿನ ದಕ್ಕೆ ಎಂಬ ಮೀನುಬಂದರಿನಿಂದ ದೋಣಿಯಲ್ಲಿ ಹತ್ತು ನಿಮಿಷ ದಾಟಿದರೆ, ನದಿಗೂ ಕಡಲಿಗೂ ನಡುವೆ ಉದ್ದಕ್ಕೆ ಮಲಗಿದ ಮರಳಿನ ನೆಲವೊಂದಿದೆ. ಅದು ಬೆಂಗ್ರೆ. ಅಲ್ಲಿ ಗಂಡಸರು ಮೀನಿಗೆ ಹೋಗುತ್ತಾರೆ, ಮರಳಿ ಬಂದವರು ಮರಳಿನಲ್ಲಿ ಫುಟ್‌ಬಾಲ್ ಆಡುತ್ತಾರೆ. ಹಾರಿಸನ ತಂದೆ ಹಸನಬ್ಬ ಅಲ್ಲಿನ ಕ್ಲಬ್ಬಿನ ಹಿರಿಯ. ಊರಿನವರ ಬಾಯಲ್ಲಿ ಹಸನಾಕ. ಸರಾಸರಿ ಕಾಲಿಗೆ ಮಾಡಿದ ನಾನು ಮಗನ ಕಾಲಿಗೆ ಕೂರುತ್ತಿಲ್ಲವೆಂದು ಅವನು ನನ್ನನ್ನು ಕುದಿಯುವ ಗಂಜಿನೀರಿನಲ್ಲಿ ಅದ್ದಿ, ಸ್ವಲ್ಪ ಮೆತ್ತಗಾದ ಕೂಡಲೇ ಹಾರಿಸನ ಕಾಲಿಗೆ ಒತ್ತಿ, ಬಲೆಯ ಹಗ್ಗದಿಂದ ಬಿಗಿದು ಸುತ್ತಿದ.

"ಸುಡ್ತದೆ ಬಾಪ," ಎಂದ ಹಾರಿಸ್.

"ಸುಡ್ಲಿ. ಸುಡದೆ ಬೇಯುವ ಮೀನು ಯಾವುದುಂಟು?"

ಹೀಗೆ ನಾನು ಒಬ್ಬ ಮನುಷ್ಯನ ಕಾಲಿನ ಆಕಾರ ಪಡೆದೆ. ಹನ್ನೊಂದು ತಿಂಗಳು ಆ ಕಾಲನ್ನು ಕಾದೆ. ಹನ್ನೆರಡನೆಯ ತಿಂಗಳು, ಅಳಿವೆಯ ಬಾಗಿಲಿನಲ್ಲಿ ಹಾರಿಸನ ದೋಣಿ ಮಗುಚಿತು. ಆ ದಿನ ನಾನು ಮನೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದೆ. ಮೂರನೆಯ ದಿನ ಅಲೆಗಳು ಹಾರಿಸನನ್ನು ದಡಕ್ಕೆ ತಂದು ಹಾಕಿದವು.

ಮತ್ತೊಂದು ವರ್ಷ ಅದೇ ಮೊಳೆಯಲ್ಲಿ ಕಳೆಯಿತು. ನೆರೆಮನೆಯ ಇಫ್ತಿಕಾರ್ ಬೆಂಗಳೂರಿನ ವೃತ್ತಿಪರ ಕ್ಲಬ್ಬೊಂದಕ್ಕೆ ಆಯ್ಕೆಯಾದ ಸುದ್ದಿ ಬಂದ ದಿನ ಹಸನಾಕ ನನ್ನನ್ನು ಕೆಳಗಿಳಿಸಿ, ಧೂಳು ಒರೆಸಿ, ಅವನ ಕೈಗೆ ಕೊಟ್ಟ.

"ಮೊಳೆಯಲ್ಲಿ ಇದ್ರೆ ಇದು ಯಾರ ಕಾಲು ಕಾಯ್ತದೆ ಇಪ್ಪು? ನೀನು ಕಟ್ಟು."

ಇಪ್ಪುವಿನ ಕಾಲು ಹಾರಿಸನದಕ್ಕಿಂತ ಸಣ್ಣದು. ಹಳೆಯ ಲುಂಗಿಯ ತುಂಡೊಂದನ್ನು ಮಡಚಿ ನನ್ನ ಒಳಗೆ ತುಂಬಿ ಕಟ್ಟಿಕೊಂಡ. ಎಷ್ಟು ಬಿಗಿದರೂ ನನಗೂ ಅವನ ಮೂಳೆಗೂ ನಡುವೆ, ಸತ್ತವನ ಕಾಲು ಇದ್ದ ಜಾಗ ಒಂದಿಷ್ಟು ಖಾಲಿಯಾಗಿಯೇ ಉಳಿಯಿತು.

ಅವನು ಮಿಡ್‌ಫೀಲ್ಡರ್. ಮೈದಾನದ ನಟ್ಟನಡುವೆ ಆಡುವವನು. ಗೋಲು ಹೊಡೆದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ತಡೆದವರ ಹೆಸರೂ ಬರುತ್ತದೆ. ನಡುವಿನವನ ಕೆಲಸ ಹಿಂದಿನಿಂದ ಬಂದ ಚೆಂಡನ್ನು ಮುಂದಕ್ಕೆ ದಾಟಿಸುವುದು. ಚೆಂಡು ಬರುವಾಗ ಅವನ ಬೆನ್ನು ಎದುರಾಳಿಯ ಗೋಲಿನ ಕಡೆಗಿರುತ್ತದೆ, ಚೆಂಡು ಹೋಗಬೇಕಾದ್ದೂ ಆ ಕಡೆಗೇ. ಆದ್ದರಿಂದ ಅವನ ವಿದ್ಯೆಯೆಲ್ಲ ಒಂದು ತಿರುವಿನಲ್ಲಿದೆ. ಇಪ್ಪು ಚೆಂಡು ಬರುವ ಮುನ್ನ ಎರಡು ಸಲ ಹೆಗಲ ಮೇಲಿಂದ ಹಿಂದೆ ನೋಡುತ್ತಿದ್ದ. ಅದು ನನಗೆ ಕಾಣುತ್ತಿರಲಿಲ್ಲ, ಆದರೆ ತೂಕ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಯುವುದು ಮೂಳೆಯ ಮೂಲಕ ತಿಳಿಯುತ್ತಿತ್ತು. ಆಮೇಲೆ ಎಡಗಾಲು ನೆಲಕ್ಕೆ ಊರುತ್ತಿತ್ತು, ಇಡೀ ದೇಹ ಅದರ ಮೇಲೆ ಬಾಗಿಲಿನಂತೆ ತಿರುಗುತ್ತಿತ್ತು. ಮೈಮೇಲೆ ಬರುತ್ತಿದ್ದವನು ಗಾಳಿಯನ್ನು ಒದೆಯುತ್ತಿದ್ದ. ಕೆಲವೊಮ್ಮೆ ನನ್ನನ್ನು.

ಏಳು ವರ್ಷ ಹೀಗೆ ನಡೆಯಿತು. ನನ್ನ ಮೇಲಿನ ಒಂದೊಂದು ತಗ್ಗಿಗೂ ಊರು, ದಿನ ಇದೆ. ನಡುವಿನ ಉದ್ದ ಗೀರು ಕೋಲ್ಕತ್ತಾದ ಕೆಸರಿನಲ್ಲಿ ಬಿದ್ದದ್ದು. ಕೆಳಗಿನ ಗುಂಡು ತಗ್ಗು ಗೋವಾದ್ದು. ಪೆಟ್ಟು ಬಿದ್ದಾಗಲೆಲ್ಲ ನಾನು ಅದನ್ನು ಹಂಚಿದೆ. ಮೂಳೆಗೆ ಒಂದು ಬಿರುಕೂ ಬರಲಿಲ್ಲ. ಆ ಹೆಮ್ಮೆ ನನಗಿತ್ತು.

ಎಂಟನೆಯ ಬೇಸಿಗೆ. ಲೀಗ್ ಮುಗಿದು ಇಪ್ಪು ಊರಿಗೆ ಬಂದಿದ್ದ. ಕರಾವಳಿಯಲ್ಲಿ ಅದು ಸೆವೆನ್ಸ್ ಕಾಲ, ತಂಡಕ್ಕೆ ಏಳೇ ಜನರ ಆಟ. ವೃತ್ತಿಪರ ಕ್ಲಬ್ಬಿನವರು ಅದನ್ನು ಆಡುವಂತಿಲ್ಲ. ಆಡಿದ್ದು ಗೊತ್ತಾದರೆ ಒಪ್ಪಂದ ರದ್ದು. ಹಾಗೆಂದು ಯಾರೂ ಆಡದೆ ಇರುವುದಿಲ್ಲ, ಬೇರೆ ಹೆಸರಿನಲ್ಲಿ ಆಡುತ್ತಾರೆ. ಅದು ಅಲ್ಲಿನ ರೂಢಿ. ಇಪ್ಪು ಮಾತ್ರ ಏಳು ವರ್ಷವೂ ಆಡಿರಲಿಲ್ಲ.

ಆ ಸಲ ಬೆಂಗ್ರೆಯ ತಂಡ ಫೈನಲ್ ತಲುಪಿತ್ತು. ನಡುವೆ ಆಡುವವನಿಗೆ ಜ್ವರ. ಹಸನಾಕ ಆಟಗಾರರ ಪಟ್ಟಿ ಹಿಡಿದು ಇಪ್ಪುವಿನ ಮನೆಗೆ ಬಂದ. ಇಪ್ಪುವಿನ ತಾಯಿ ಝೊಹರಾ ಚಹಾ ತಂದಿಟ್ಟಳು.

"ಕಾಗದದಲ್ಲಿ ಬರೆದದ್ದು ಉಂಟಲ್ಲ ಹಸನಾಕ. ಹೊರಗೆ ಆಡಿದ್ರೆ ನನ್ನ ಕತೆ ಮುಗೀತು," ಎಂದ ಇಪ್ಪು.

"ಗೊತ್ತುಂಟು ಮಾರಾಯ. ಎಲ್ಲರೂ ಬೇರೆ ಹೆಸರಲ್ಲೇ ಆಡುದಲ್ವಾ. ಕಳೆದ ವರ್ಷ ಒಬ್ಬ ಗೋಲ್‌ಕೀಪರ್ ಮೂರು ಟೀಮಿಗೆ ಮೂರು ಹೆಸರಲ್ಲಿ ನಿಂತ. ಅವನ ಹೆಂಡ್ತಿಗೇ ಅವನ ನಿಜ ಹೆಸರು ಗೊತ್ತುಂಟಾ ಅಂತ ನಂಗೆ ಡೌಟು."

ಝೊಹರಾ ನಕ್ಕಳು. "ನಮ್ಮ ಇಪ್ಪುವಿಗೆ ಎಂತ ಹೆಸರು ಇಡ್ತೀರಿ ಮತ್ತೆ?"

ಹಸನಾಕ ಲೋಟವನ್ನು ಒಂದು ಸುತ್ತು ತಿರುಗಿಸಿ ಇಟ್ಟ.

"ಹಾರಿಸ್ ಅಂತ ಬರೀತೇನೆ," ಎಂದ. "ಒಂದು ಫೈನಲ್ ಅವನೂ ಆಡ್ಲಿ."

ಇಪ್ಪು ಎದ್ದು ಹೋಗಿ ಚೀಲದಿಂದ ನನ್ನನ್ನು ತೆಗೆದ.

ಸಂಜೆ ಐದಕ್ಕೆ ಆಟ ಶುರುವಾಯಿತು. ಕೆಂಪುಕಲ್ಲಿನ ಗಟ್ಟಿ ನೆಲದ ಮೇಲೆ ಮರಳು ಹರಡಿದ ಮೈದಾನ. ಮೊದಲರ್ಧದಲ್ಲೇ ಇಪ್ಪು ತಿರುಗಿ ಕೊಟ್ಟ ಚೆಂಡಿನಿಂದ ಬೆಂಗ್ರೆಗೆ ಒಂದು ಗೋಲು ಬಂತು. ಮೈಕಿನವನು "ಹಾರಿಸ್, ಬೆಂಗ್ರೆಯ ಹಾರಿಸ್" ಎಂದು ಮತ್ತೆ ಮತ್ತೆ ಕೂಗಿದ. ಗೆರೆಯಾಚೆ ಹಸನಾಕ ಎರಡು ಕೈಯಿಂದ ಮುಖ ಮುಚ್ಚಿಕೊಂಡಿದ್ದನಂತೆ.

ಎರಡನೆಯ ಅರ್ಧದಲ್ಲಿ, ಆಟ ಮುಗಿಯಲು ಹನ್ನೊಂದು ನಿಮಿಷವಿದ್ದಾಗ, ಇಪ್ಪುವಿನ ಬೆನ್ನ ಹಿಂದೆ ಯಾರೂ ಇರಲಿಲ್ಲ. ಚೆಂಡು ಬಂತು. ತೂಕ ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು, ಎಡಗಾಲು ಊರಿತು. ಬೂಟಿನ ಹಲ್ಲು ಮರಳು ಸೀಳಿ ಕೆಳಗಿನ ಕಲ್ಲಿನ ಸಂದಿಗೆ ಸಿಕ್ಕಿತು. ಪಾದ ಅಲ್ಲೇ ನಿಂತಿತು. ಪಾದದೊಂದಿಗೆ ಮೂಳೆ, ಮೂಳೆಯೊಂದಿಗೆ ನಾನು. ತೊಡೆ ಮಾತ್ರ ತಿರುಗಿತು. ನನ್ನ ಅಂಚಿಗೆ ನಾಲ್ಕು ಬೆರಳು ಮೇಲೆ ಒಣ ತೆಂಗಿನ ಗರಿ ಮುರಿದಂಥ ಒಂದು ಸದ್ದು. ಅದು ಹೊರಗೆ ಯಾರಿಗೂ ಕೇಳಿಸಲಿಲ್ಲ. ನನಗೆ ಹಂಚಲು ಏನೂ ಸಿಗಲಿಲ್ಲ, ಏಕೆಂದರೆ ನನ್ನ ಮೇಲೆ ಯಾವ ಪೆಟ್ಟೂ ಬಿದ್ದಿರಲಿಲ್ಲ.

ಅವನ ಬದಲಿಗೆ ಇಳಿಸಲು ಬೇರೆ ಆಟಗಾರನಿರಲಿಲ್ಲ. ಉಳಿದ ಹನ್ನೊಂದು ನಿಮಿಷ ಅವನು ನಿಂತಲ್ಲೇ ನಿಂತು ಆಡಿದ. ಬೆಂಗ್ರೆ ಗೆದ್ದಿತು. ಹಸನಾಕ ಓಡಿಬಂದು ಅವನನ್ನು ಅಪ್ಪಿ, ಹಾರಿಸ್ ಎಂದೇ ಕರೆದ. ಮೊಣಕಾಲು ಹೋಯಿತೆಂದು ಹೇಳುವ ಹೊತ್ತಾಗಿರಲಿಲ್ಲ ಅದು. ಆಮೇಲೂ ಆ ಹೊತ್ತು ಬರಲಿಲ್ಲ.

ಮೊಣಕಾಲಿನ ಒಳಗೆ, ಮೇಲಿನ ಮೂಳೆಯನ್ನೂ ಕೆಳಗಿನದನ್ನೂ ಓರೆಯಾಗಿ ಹಿಡಿದ ಒಂದು ಹುರಿ ಇದೆ, ಕಿರುಬೆರಳಿನಷ್ಟು ದಪ್ಪ. ಹರಿದರೆ ಊತ ಬರುತ್ತದೆ, ಮೂರು ವಾರಕ್ಕೆ ಇಳಿಯುತ್ತದೆ, ನೋವೂ ಹೋಗುತ್ತದೆ. ನೇರ ಓಡಲು ಆ ಹುರಿ ಅಷ್ಟಾಗಿ ಬೇಡ. ತಿರುಗಲು ಬೇಕು. ಇಪ್ಪು ದಕ್ಕೆಯಿಂದ ಐಸ್ ತರಿಸಿ ಮೂರು ವಾರ ಕಾಲಿಗೆ ಕಟ್ಟಿದ. ತಾಯಿ ಕೇಳಿದಾಗ ಉಳುಕು ಎಂದ. ಬೆಂಗಳೂರಿಗೆ ಹೋದಾಗ ಅವನನ್ನು ನೇರ ಗೆರೆಯ ಮೇಲೆ ಓಡಿಸಿ ವೇಗ ಅಳೆದರು. ಪಾಸಾದ.

ಆ ವರ್ಷ ಅವನು ಒಮ್ಮೆಯೂ ತಿರುಗಲಿಲ್ಲ. ಚೆಂಡು ಬರುತ್ತಿತ್ತು, ತೂಕ ಎಡಕ್ಕೆ, ಬಲಕ್ಕೆ ಸರಿಯುತ್ತಿತ್ತು, ಎಡಗಾಲು ಊರಿ ನಡುಗುತ್ತಿತ್ತು. ಅಷ್ಟರಲ್ಲಿ ಚೆಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿತ್ತು. ಅವನು ಹೆದರುಪುಕ್ಕನಾದನೆಂದು ಎಲ್ಲರೂ ತಿಳಿದರು. ಗ್ಯಾಲರಿಯಿಂದ ಕೂಗು ಬೀಳುತ್ತಿತ್ತು: "ಲೋ ರಿವರ್ಸ್ ಗೇರು, ಗೋಲು ಆ ಕಡೆ ಇದೆ ಕಣೋ."

ಕೋಚ್ ತಿಮ್ಮಪ್ಪಯ್ಯ ಬೈಯುವ ಮನುಷ್ಯನಲ್ಲ. ಒಂದು ದಿನ ಅಭ್ಯಾಸ ಮುಗಿದ ಮೇಲೆ ಪಕ್ಕದಲ್ಲಿ ಕೂತು ಕೇಳಿದರು.

"ಏನಾಗಿದೆ ನಿಂಗೆ? ಕಾಲು ನೋವಿದ್ರೆ ಹೇಳು, ತೋರಿಸೋಣ."

ಇಪ್ಪು ಕಾಲುಚೀಲದ ಮೇಲಿಂದಲೇ ನನ್ನನ್ನು ಒತ್ತಿ ಹಿಡಿದಿದ್ದ. ಒಂದು ವಾಕ್ಯ ಸಾಕಿತ್ತು. ಆದರೆ ಎಲ್ಲಿ, ಯಾವಾಗ ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತಿತ್ತು.

"ಕಾಲಿಗೆ ಏನಿಲ್ಲ ಸರ್."

"ಹಂಗಾದ್ರೆ ಧೈರ್ಯ ಹೋಗಿದೆ. ಅದಕ್ಕೆ ನನ್ನತ್ರ ಔಷಧಿ ಇಲ್ಲಪ್ಪ."

ಫೆಬ್ರವರಿಯಲ್ಲಿ ಒಂದು ದಿನ ಅವನು ಮೆಟ್ಟಿಲು ಇಳಿಯುತ್ತಲೇ ಕುಸಿದ. ಸ್ಕ್ಯಾನ್ ಮಾಡಿಸಿದರು. ಯಾವಾಗ ಪೆಟ್ಟಾಯಿತೆಂದು ಡಾಕ್ಟರು ಕೇಳಿದರು. ಗೊತ್ತಿಲ್ಲ ಎಂದ. ಹರಿದದ್ದು ಹಳೆಯದು, ಮೊದಲೇ ಬಂದಿದ್ದರೆ ಹುರಿ ಕೂಡಿಸಿ ಒಂದು ವರ್ಷದೊಳಗೆ ಆಡಿಸಬಹುದಿತ್ತು, ಈಗ ಒಳಗಿನ ಮೆತ್ತೆ ಸವೆದುಹೋಗಿದೆ, ಅದು ಮತ್ತೆ ಬೆಳೆಯುವುದಿಲ್ಲ ಎಂದು ಅವರು ಹೇಳಿದರಂತೆ. ನಾನು ಆಗ ಚೀಲದಲ್ಲಿದ್ದೆ. ಮರಳಿ ಬಂದ ಇಪ್ಪು ಚೀಲ ತೆರೆದು ನನ್ನನ್ನು ಬಹಳ ಹೊತ್ತು ನೋಡಿದ. ಅವನಿಗೆ ಇಪ್ಪತ್ತಾರು ವರ್ಷ.

ಈಗ ಅವನು ದಕ್ಕೆಗೂ ಬೆಂಗ್ರೆಗೂ ನಡುವೆ ದೋಣಿ ನಡೆಸುತ್ತಾನೆ. ಕಟ್ಟುವ ಹಗ್ಗ ಉಜ್ಜಿ ದೋಣಿಯ ಅಂಚು ಸವೆಯುತ್ತಿತ್ತು. ನನ್ನ ಬಾಗು ಅಲ್ಲಿಗೆ ಸರಿಯಾಗಿ ಕೂರುತ್ತದೆಂದು ಕಂಡು ಎರಡು ಮೊಳೆ ಹೊಡೆದ. ಒಳಗೆ ಬಟ್ಟೆ ತುಂಬಬೇಕಾಗಲಿಲ್ಲ. ದಿನಕ್ಕೆ ನಲವತ್ತು ಸಲ ನಾನು ಮರವನ್ನು ಹಗ್ಗದಿಂದ ಕಾಯುತ್ತೇನೆ. ಮರ ಹೋದರೆ ಬೇರೆ ಮರ ಹಾಕಬಹುದು.

ಹಸನಾಕನಿಗೆ ಈಗ ಕಣ್ಣು ಮಂಜು. ಶುಕ್ರವಾರ ನಗರದ ಮಸೀದಿಗೆ ಹೋಗುವಾಗ ಬರುವಾಗ ನನ್ನ ಪಕ್ಕದಲ್ಲೇ ಕೂರುತ್ತಾನೆ. ಗುರುತಿನವರು ಸಿಕ್ಕರೆ ಆ ಫೈನಲ್ಲಿನ ಕತೆ ಹೇಳುತ್ತಾನೆ. ಕಳೆದ ಶುಕ್ರವಾರ ದೋಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನ ಬೆರಳು ನನ್ನ ಮೇಲೆ ಹರಿದಾಡಿತು.

"ಈ ಉದ್ದದ್ದು ಎಲ್ಲಿಂದು ಇಪ್ಪು?"

"ಕೋಲ್ಕತ್ತಾ. ಎರಡನೇ ವರ್ಷ."

"ಈ ಗುಂಡಿ?"

"ಗೋವಾ. ಹೊಡೆದವ ಆಮೇಲೆ ಬಂದು ಬಿಸ್ಕಿಟು ಕೊಟ್ಟ."

ಹಸನಾಕ ನಗಲಿಲ್ಲ. ನೀರಿನ ಕಡೆಗೆ ಮುಖ ಮಾಡಿ ಕೂತ. "ಒಂದು ಮಾತು ಕೇಳ್ತೇನೆ. ಮರೆಮಾಚಬೇಡ. ನಾನು ಕರೆದ ಆ ಫೈನಲ್ಲಲ್ಲಿ ನಿನ್ನ ಕಾಲಿಗೆ ಎಂತಾದ್ರೂ ಆಯ್ತಾ? ಆವತ್ತಿನ ಗೀರು ಇದ್ರಲ್ಲಿ ಯಾವುದು?"

ಇಪ್ಪು ಇಂಜಿನ್ ನಿಧಾನ ಮಾಡಿದ. ದಡ ಹತ್ತಿರ ಬಂದಿತ್ತು.

"ಆವತ್ತಿಂದು ಇಲ್ಲ ಹಸನಾಕ. ಮುಟ್ಟಿ ನೋಡಿ. ಆವತ್ತು ನನ್ನನ್ನು ಯಾರೂ ಮುಟ್ಲೇ ಇಲ್ಲ."

ಮುದುಕನ ಬೆರಳು ಮತ್ತೊಮ್ಮೆ ನನ್ನ ಮೇಲೆ, ಕೆಳಗಿನಿಂದ ಮೇಲಿನ ಅಂಚಿನವರೆಗೆ, ನಿಧಾನವಾಗಿ ಬಂತು. ಅಲ್ಲಿ ನಿಂತಿತು. ಅಂಚಿನಾಚೆ ಬರೀ ಗಾಳಿ.

"ಹೌದು. ಹಾರಿಸನ್ನ ಮುಟ್ಲಿಕ್ಕೆ ಯಾರಿಗಾಗ್ತದೆ," ಎಂದು ಉಸಿರು ಬಿಟ್ಟ. ಎದ್ದು, ಇಪ್ಪುವಿನ ಹೆಗಲು ಹಿಡಿದು ದಡಕ್ಕೆ ಇಳಿದುಹೋದ.

ನಾನು ಸಾಕ್ಷಿಯಾದದ್ದು ಹೀಗೆ. ಏಳು ವರ್ಷ ಬಿದ್ದ ಪೆಟ್ಟುಗಳನ್ನೆಲ್ಲ ಮೈಮೇಲೆ ಬರೆದುಕೊಂಡು, ಅವನನ್ನು ಮುಗಿಸಿದ ಒಂದನ್ನು ಬರೆದುಕೊಳ್ಳದೆ ಉಳಿದೆ. ಪೆಟ್ಟನ್ನು ಹಂಚುವುದು ನನಗೆ ಗೊತ್ತಿರುವ ಒಂದೇ ವಿದ್ಯೆ. ಅವನು ಅದನ್ನು ಯಾರಿಗೂ ಹಂಚಲಿಲ್ಲ.

ಹಗ್ಗ ಬಿಚ್ಚಿ, ಬಲಗಾಲಿನಿಂದ ದಡವನ್ನು ಒದ್ದು ಅವನು ದೋಣಿಯನ್ನು ನೀರಿಗೆ ತಳ್ಳಿದ. ಎದುರು ದಡದಲ್ಲಿ ಯಾರೋ ಕೂಗುತ್ತಿದ್ದರು. ದೋಣಿ ತಿರುಗಿತು.